ವಾಯಿದೆಯ ಬಾಳು: ತಾತ್ಕಾಲಿಕಾಶ್ರಯದ ಎರಡು ಕಥನಗಳು

ಅಲಂಕಾರಶಾಸ್ತ್ರದಲ್ಲಿ ಸ್ಥಾಯಿಭಾವ, ಸಂಚಾರಿಭಾವ ಎಂಬ ವಿಭಾಗವು ಸುಪ್ರಸಿದ್ಧವಾದುದು. ರತಿ, ಶೋಕ, ಉತ್ಸಾಹ ಮೊದಲಾದುವು ಸ್ಥಾಯಿಗಳು. ಕೃತಿಯ ಆದ್ಯಂತವೂ ನೆಲೆನಿಂತು ರಸಪದವಿಯನ್ನು ಪಡೆಯತಕ್ಕವು. ಶಂಕೆ, ಚಿಂತೆ, ದೈನ್ಯ ಮೊದಲಾದ ೩೩ ಭಾವಗಳು ಸಂಚಾರಿಗಳು; ಕಡಲಿನಲ್ಲಿ ತೆರೆಗಳಂತೆ ಎದ್ದು ಅಡಗತಕ್ಕವು. ಸಂಚಾರಿಯು ಎಂದಾದರೂ ಸ್ಥಾಯಿಯ ಪದವಿಗೆ ಏರಬಲ್ಲುದೆ ಎಂಬ ಪ್ರಶ್ನೆಯನ್ನು ಪ್ರಾಚೀನರೇ ಎತ್ತಿದ್ದರು. ಆಸ್ವಾದಯೋಗ್ಯವಾದರೆ ನಿರ್ವೇದಾದಿಗಳೂ ರಸವೇ ಎಂದು ರುದ್ರಟನು ಹೇಳಿದನು. ಬಹುಮತವು ಅವನ ಕಡೆಗೆ ಬರಲಿಲ್ಲ. ಪರದೇಶದ ಸರ್ಕಾರವು ವಾಯಿದೆ ಹಾಕಿ ಕೊಟ್ಟ ಆಶ್ರಯದಲ್ಲಿ ಬಾಳುವವರ ಸಾಹಿತ್ಯವನ್ನು ಪರಿಶೀಲಿಸುವಾಗ ಈ ಹಳೆಯ ಪ್ರಶ್ನೆಯು ಹೊಸ ಪ್ರಯೋಜನವನ್ನು ಪಡೆಯುತ್ತದೆ.

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ೧೯೯೦ರ ವಲಸೆ ಶಾಸನವು 'ತಾತ್ಕಾಲಿಕ ರಕ್ಷಿತ ಸ್ಥಿತಿ' ಎಂಬ ಹೊಸದೊಂದು ವ್ಯವಸ್ಥೆಯನ್ನು ನಿರ್ಮಿಸಿತು. ಯುದ್ಧ, ಭೂಕಂಪ ಮೊದಲಾದ ವಿಪತ್ತುಗಳಿಗೆ ಸಿಕ್ಕಿದ ದೇಶವೊಂದನ್ನು ಸರ್ಕಾರವು ಹೆಸರಿಸಿದರೆ, ಆಗಲೇ ಅಮೆರಿಕದಲ್ಲಿರುವ ಆ ದೇಶದವರನ್ನು ಹೊರಹಾಕುವಂತಿಲ್ಲ. ಅವರಿಗೆ ಕೆಲಸ ಮಾಡುವ ಅಧಿಕಾರವೂ ಉಂಟು. ಆದರೆ ಒಮ್ಮೆಗೆ ೬ ತಿಂಗಳಿಗೆ ಕಡಮೆಯಿಲ್ಲದೆ ೧೮ ತಿಂಗಳಿಗೆ ಮೀರದೆ ಮಾತ್ರ ಈ ರಕ್ಷಣೆ. ವಾಯಿದೆ ಮುಗಿಯುವುದಕ್ಕೆ ೬೦ ದಿನಗಳ ಮೊದಲು ಸರ್ಕಾರವು ಆ ದೇಶದ ಸ್ಥಿತಿಯನ್ನು ವಿಮರ್ಶಿಸಿ, ಮುಂದುವರಿಸುವುದೋ ನಿಲ್ಲಿಸುವುದೋ ನಿಶ್ಚಯಿಸಬೇಕು. ಶಾಸನವು ಮೊದಲು ಹೆಸರಿಸಿದ ದೇಶವೇ ಎಲ್ ಸಾಲ್ವಡಾರ್. ೧೯೮೦ರಿಂದ ೧೯೯೨ರವರೆಗೆ ಅಲ್ಲಿ ಅಂತರ್ಯುದ್ಧ ನಡೆಯಿತು. ೨೦೦೧ರ ಜನವರಿ, ಫೆಬ್ರವರಿಗಳಲ್ಲಿ ಭೂಮಿ ಎರಡು ಸಲ ನಡುಗಿದ ಮೇಲೆ ಆ ದೇಶವನ್ನು ಮತ್ತೆ ಹೆಸರಿಸಲಾಯಿತು. ಅಂದಿನ ೧೮ ತಿಂಗಳ ವಾಯಿದೆಯು ಮತ್ತೆ ಮತ್ತೆ ಬೆಳೆದು ೨೦೧೮ನ್ನು ಮುಟ್ಟಿತು. ಆ ವರ್ಷ ಸರ್ಕಾರವು ಅದನ್ನು ನಿಲ್ಲಿಸುವುದಾಗಿ ಸಾರಿತು, ನ್ಯಾಯಾಲಯವು ತಡೆಯಿತು, ೨೦೨೩ರಲ್ಲಿ ಆ ಸಾರಿಕೆಯನ್ನು ಹಿಂತೆಗೆದುಕೊಂಡುದಾಯಿತು, ೨೦೨೫ರ ಜನವರಿಯಲ್ಲಿ ವಾಯಿದೆಯು ೨೦೨೬ರ ಸೆಪ್ಟೆಂಬರ್ ೯ರವರೆಗೆ ವಿಸ್ತೃತವಾಯಿತು. ಸುಮಾರು ಎರಡು ಲಕ್ಷ ಜನರು ಹೀಗೆ ಕಾಲು ಶತಮಾನವನ್ನು ತುಂಡುತುಂಡಾಗಿ ಪಡೆದುಕೊಂಡರು.

ಈ ಬಾಳಿನ ಕೇಂದ್ರದಲ್ಲಿರುವುದು ಕೆಲಸದ ಪರವಾನಗಿಯ ಚೀಟಿ. ೧೯೮೬ರ ಶಾಸನದಂತೆ, ಕೆಲಸ ಕೊಡುವವನು ಪ್ರತಿಯೊಬ್ಬ ಕೆಲಸಗಾರನ ಅಧಿಕಾರಪತ್ರವನ್ನೂ ಪರೀಕ್ಷಿಸಬೇಕು. ಚೀಟಿಯ ಮೇಲೆ ಕಡೆಯ ದಿನಾಂಕ ಅಚ್ಚಾಗಿರುತ್ತದೆ. ಎಷ್ಟೋ ಸಲ ಹೊಸ ಚೀಟಿ ಬರುವುದರೊಳಗಾಗಿ ಆ ದಿನ ಕಳೆದುಹೋಗುತ್ತದೆ. ಆಗ ಸರ್ಕಾರವು ಗೆಜೆಟ್ಟಿನಲ್ಲಿ ಪ್ರಕಟನೆಯೊಂದನ್ನು ಹೊರಡಿಸಿ ಹಳೆಯ ಚೀಟಿಗಳು ಇಂಥ ದಿನದವರೆಗೆ ಸಲ್ಲುತ್ತವೆ ಎನ್ನುತ್ತದೆ. ಕೆಲಸಗಾರನು ಸತ್ತ ದಿನಾಂಕವುಳ್ಳ ಚೀಟಿಯನ್ನೂ ಅದು ಬದುಕಿದೆ ಎನ್ನುವ ಪ್ರಕಟನೆಯನ್ನೂ ಜೊತೆಗೆ ಹಿಡಿದು ಧಣಿಯ ಮುಂದೆ ನಿಲ್ಲಬೇಕು. ಮೂಲವು ಒಂದನ್ನು ಹೇಳಿ ವ್ಯಾಖ್ಯಾನವು ಅದಕ್ಕೆ ವಿರುದ್ಧವಾದುದನ್ನು ಹೇಳಿದರೆ ವಿದ್ವಾಂಸನಿಗೆ ಒದಗುವುದು ಚರ್ಚೆ. ಇಲ್ಲಿ ಧಣಿಯು ವ್ಯಾಖ್ಯಾನವನ್ನು ಒಪ್ಪದಿದ್ದರೆ ಹೋಗುವುದು ಕೂಲಿ.

ಈ ತಾತ್ಕಾಲಿಕವು ತಾನಾಗಿ ಎಂದೂ ಶಾಶ್ವತಕ್ಕೆ ಒಯ್ಯುವುದಿಲ್ಲವೆಂಬುದೂ ಸ್ಪಷ್ಟ. ಗಡಿಯಲ್ಲಿ ಪರೀಕ್ಷೆಗೆ ಒಳಗಾಗದೆ ಬಂದವನು ಈ ರಕ್ಷಣೆಯನ್ನು ಪಡೆದ ಮಾತ್ರಕ್ಕೆ 'ಪ್ರವೇಶ ಪಡೆದವನು' ಆಗುವುದಿಲ್ಲ, ಆದುದರಿಂದ ಅದರ ಬಲದಿಂದ ಖಾಯಂ ನಿವಾಸಿಯಾಗಲಾರನು ಎಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ೨೦೨೧ರ ಜೂನ್ ೭ರಂದು ಏಕಮತದಿಂದ ತೀರ್ಪಿತ್ತಿತು. ಅಂದಮೇಲೆ ಶಂಕೆ, ಚಿಂತೆಗಳು ಇಪ್ಪತ್ತೈದು ವರ್ಷ ಎದ್ದೇ ಇರುವ ಈ ಬಾಳನ್ನು ಯಾವ ಕಥನರೂಪವು ಧರಿಸಬಲ್ಲುದು? ವಿಮರ್ಶೆಯ ಪ್ರಶ್ನೆ ಇದು.

ಹಾವಿಯೆರ್ ಸಮೋರಾ ಅವರ 'ಸೊಲಿಟೊ' (೨೦೨೨) ಈ ಸಂದರ್ಭದಲ್ಲಿ ಮೊದಲು ನೆನಪಿಗೆ ಬರತಕ್ಕ ಗ್ರಂಥ. ೧೯೯೦ರಲ್ಲಿ ಎಲ್ ಸಾಲ್ವಡಾರಿನಲ್ಲಿ ಹುಟ್ಟಿದ ಈ ಕವಿ ೧೯೯೯ರಲ್ಲಿ, ಒಂಬತ್ತು ವರ್ಷದ ಬಾಲಕನಾಗಿ, ಬಂಧುಗಳಾರೂ ಇಲ್ಲದೆ ಗ್ವಾಟೆಮಾಲಾ, ಮೆಕ್ಸಿಕೋಗಳನ್ನು ದಾಟಿ ಮರುಭೂಮಿಯ ಮಾರ್ಗವಾಗಿ ಅಮೆರಿಕದಲ್ಲಿದ್ದ ತಾಯಿತಂದೆಯರನ್ನು ಸೇರಿದರು. ಮುಂದೆ ಮೇಲೆ ಹೇಳಿದ ರಕ್ಷಣೆಯಲ್ಲಿ ಅನೇಕ ವರ್ಷ ಬಾಳಿದರು. ಎರಡು ವಾರದಲ್ಲಿ ಮುಗಿಯಬೇಕಾಗಿದ್ದ ಆ ಪಯಣವು ಒಂಬತ್ತು ವಾರ ಹಿಡಿಯಿತು. ಗ್ರಂಥವು ಬಾಲಕನ ಕಣ್ಣಿನಿಂದ, ವರ್ತಮಾನಕಾಲದ ಕ್ರಿಯಾಪದಗಳಲ್ಲಿ, ದಿನದಿನವಾಗಿ ಇದನ್ನು ನಿರೂಪಿಸುತ್ತದೆ. ಪರಿಚಯವಿಲ್ಲದ ಸಹಯಾತ್ರಿಕರು ಆ ಹುಡುಗನಿಗೆ ಕುಟುಂಬವಾಗುವ ಬಗೆಯನ್ನು ಲೇಖಕರು ಕಿಂಚಿತ್ತೂ ಆಡಂಬರವಿಲ್ಲದೆ ತೋರಿಸಿದ್ದಾರೆ. ಮಗುವಿಗೆ ಭವಿಷ್ಯದ ಲೆಕ್ಕ ತಿಳಿಯದು. ಅಂದಂದಿನ ನೀರು, ಬಿಸಿಲು, ಭಯಗಳಷ್ಟೇ ತಿಳಿಯುತ್ತವೆ. ಗ್ರಂಥದ ಶಕ್ತಿಯೂ ಮಿತಿಯೂ ಈ ಒಂದೇ ಆಯ್ಕೆಯಿಂದ ಬಂದಿವೆ. ಕಥೆಯು ತಾಯಿತಂದೆಯರ ಭೇಟಿಯೊಡನೆ ಮುಗಿಯುತ್ತದೆ. ಯಾವ ಬಾಳನ್ನು ಶಾಸನವು ತಾತ್ಕಾಲಿಕವೆಂದು ಕರೆಯಿತೋ ಆ ಬಾಳು ಆರಂಭವಾಗುವುದು ಅಲ್ಲಿಂದಾಚೆಗೆ.

ಲೇಖಕನು ಕೈಗೊಳ್ಳದ ಕಾರ್ಯಕ್ಕಾಗಿ ಅವನನ್ನು ಆಕ್ಷೇಪಿಸುವುದು ನ್ಯಾಯವಲ್ಲವೆಂದು ಹೇಳಬಹುದು. ಆ ಮಾತು ದಿಟ. ಪ್ರಯಾಣವನ್ನು ಬರೆಯಹೊರಟವರು ಪ್ರಯಾಣವನ್ನು ಚೆನ್ನಾಗಿ ಬರೆದಿದ್ದಾರೆ. ಆದರೆ ಗಡಿ ದಾಟುವ ಕಥೆಗೆ ಆದಿ, ಮಧ್ಯ, ಅಂತ್ಯಗಳು ಸಹಜವಾಗಿಯೇ ದೊರೆಯುತ್ತವೆ. ಕಾಯುವ ಬಾಳಿಗೆ ದೊರೆಯುವುದಿಲ್ಲ. ಆದುದರಿಂದ ವಲಸೆಯ ಸಾಹಿತ್ಯವು ಒಂಬತ್ತು ವಾರಗಳ ಕಡೆಗೆ ವಾಲಿ ಇಪ್ಪತ್ತೈದು ವರ್ಷಗಳನ್ನು ಮರೆಯುವ ಅಪಾಯವುಂಟು. ವಾಚಕನೂ ಹುಡುಗನು ಸುರಕ್ಷಿತನಾದನೆಂಬ ನೆಮ್ಮದಿಯಿಂದ ಪುಸ್ತಕವನ್ನು ಮುಚ್ಚುತ್ತಾನೆ.

ಕಾಯುವುದೇ ಕಥಾವಸ್ತುವಾಗಬಲ್ಲುದೆಂದು ತೋರಿಸಿದ ಕೃತಿ ಇದಕ್ಕಿಂತ ಎಷ್ಟೋ ಹಿಂದಿನದು: ಜರ್ಮನ್ ಲೇಖಕಿ ಅನ್ನಾ ಸೆಗರ್ಸ್ ಅವರ 'ಟ್ರಾನ್ಸಿಟ್'. ೧೯೩೩ರಲ್ಲಿ ಸ್ವದೇಶವನ್ನು ಬಿಟ್ಟು ಫ್ರಾನ್ಸನ್ನು ಸೇರಿದ ಈಕೆ ೧೯೪೧ರಲ್ಲಿ ಮಾರ್ಸೇಲ್ ಬಂದರಿನಿಂದ ಹಡಗು ಹತ್ತಿ ಮೆಕ್ಸಿಕೋವನ್ನು ತಲಪಿದರು. ಕೃತಿಯು ಮೊದಲು ಅನುವಾದರೂಪದಲ್ಲಿ ೧೯೪೪ರಲ್ಲಿಯೂ ಜರ್ಮನ್ ಭಾಷೆಯಲ್ಲಿ ಪುಸ್ತಕವಾಗಿ ೧೯೪೮ರಲ್ಲಿಯೂ ಪ್ರಕಟವಾಯಿತು. ಊರನ್ನು ಬಿಡುವೆನೆಂದು ಸಿದ್ಧಪಡಿಸಿದವನಿಗೆ ಮಾತ್ರ ಆ ಊರಿನಲ್ಲಿ ಇರಲು ಅಪ್ಪಣೆ: ಇದು ಅಲ್ಲಿಯ ಮಾರ್ಸೇಲಿನ ನಿಯಮ. ಹೋಗುವ ದೇಶದ ವೀಸಾ, ನಡುವಣ ದೇಶಗಳ ರಹದಾರಿ, ಹಡಗಿನ ಟಿಕೇಟು, ಹೊರಡಲು ಫ್ರಾನ್ಸಿನ ಅಪ್ಪಣೆ, ಎಲ್ಲವೂ ಬೇಕು. ಒಂದೊಂದಕ್ಕೂ ವಾಯಿದೆ ಬೇರೆ. ನಾಲ್ಕನೆಯದು ಕೈಸೇರುವಷ್ಟರಲ್ಲಿ ಮೊದಲನೆಯದರ ಕಾಲ ಮೀರಿರುತ್ತದೆ. ಕ್ಯಾರಕಾಸಿನಲ್ಲಿ ಉದ್ಯೋಗದ ಕರಾರನ್ನು ಪಡೆದ ವೃದ್ಧ ವಾದ್ಯಮೇಳ ನಾಯಕನೊಬ್ಬನು ಈ ಚಕ್ರದಲ್ಲಿ ಸುತ್ತಿ ಸುತ್ತಿ, ಹಡಗನ್ನು ಹತ್ತುವ ಮೊದಲೇ ಸಾಯುತ್ತಾನೆ.

ಈ ಕಾದಂಬರಿಯಲ್ಲಿ ಘಟನೆಗಳನ್ನು ಪೋಣಿಸುವ ಸೂತ್ರವು ನಾಯಕನ ಸಂಕಲ್ಪವಲ್ಲ, ಕಾಗದಗಳ ದಿನಾಂಕ. ಹೆಸರಿಲ್ಲದ ನಿರೂಪಕನು ಮೃತನಾದ ಲೇಖಕನೊಬ್ಬನ ಪತ್ರಗಳಿಂದ ಆತನೆಂದೇ ಗಣಿತನಾಗುತ್ತಾನೆ. ಆ ಲೇಖಕನ ಹೆಂಡತಿಯೋ ಗಂಡನು ಬದುಕಿರುವನೆಂದು ನಂಬಿ ಊರೆಲ್ಲ ಹುಡುಕುತ್ತಾಳೆ. ಪತ್ರವು ಬದುಕಿದೆ, ಮನುಷ್ಯನು ಸತ್ತಿದ್ದಾನೆ. ಇಂಥ ಸನ್ನಿವೇಶವು ಬರಿಯ ಕಲ್ಪನಾಚಮತ್ಕಾರವಲ್ಲವೆಂಬುದನ್ನು ಮೇಲೆ ಹೇಳಿದ ಚೀಟಿ, ಗೆಜೆಟ್ಟುಗಳ ವೃತ್ತಾಂತವೇ ಸಾರುತ್ತದೆ. ಇನ್ನೊಂದು ಅಂಶವು ವಿಶೇಷವಾಗಿ ಗಮನಾರ್ಹ. ರೋಮಾಂಚಕವಾದ ಪಲಾಯನದ ಕಥೆಗಳು ತನಗೆ ಸಾಕಾಗಿವೆ, ಮುದುಕನಾದ ಕೆಲಸಗಾರನು ತನ್ನ ಜೀವಮಾನದಲ್ಲಿ ಎಷ್ಟು ತಂತಿ ಎಳೆದನೆಂಬ ಸುದ್ದಿಯೇ ಹೆಚ್ಚು ಇಷ್ಟ ಎಂಬ ಭಾವವನ್ನು ನಿರೂಪಕನು ಆರಂಭದಲ್ಲಿಯೇ ವ್ಯಕ್ತಪಡಿಸುತ್ತಾನೆ. ಕಡೆಯಲ್ಲಿ ಹಡಗನ್ನು ಬಿಟ್ಟುಕೊಟ್ಟು ತೋಟವೊಂದರಲ್ಲಿ ದುಡಿಯಲು ನಿಲ್ಲುತ್ತಾನೆ. ಅವನನ್ನು ಒಂದು ನೆಲಕ್ಕೆ ಸೇರಿಸುವುದು ವೀಸಾ ಅಲ್ಲ, ಕೆಲಸ.

ಹಾಗೆಂದು ೧೯೪೦-೪೧ರ ಮಾರ್ಸೇಲಿನ ರೂಪವು ಇಂದಿನ ಸಾಲ್ವಡಾರಿನವರ ಬಾಳಿಗೆ ಯಥಾವತ್ತಾಗಿ ಒಪ್ಪುವುದಿಲ್ಲ. ಅಲ್ಲಿ ವಾಯಿದೆ ಮೀರಿದರೆ ಸೆರೆಶಿಬಿರ. ಕಾಲವೂ ಕೆಲವೇ ತಿಂಗಳು. ಇಲ್ಲಿ ಮಕ್ಕಳು ಹುಟ್ಟಿ ಬೆಳೆಯುತ್ತಾರೆ, ಮನೆಗಳು ಏಳುತ್ತವೆ, ತಲೆ ನರೆಯುತ್ತದೆ. ಆದರೂ ವರ್ಷ ಒಂದೂವರೆ ವರ್ಷಕ್ಕೊಮ್ಮೆ ಎಲ್ಲವೂ ಒಂದು ಪ್ರಕಟನೆಗಾಗಿ ಕಾದು ನಿಲ್ಲುತ್ತವೆ. ಸೆಗರ್ಸ್ ಅವರ ಕೃತಿಯಲ್ಲಿ ಶಂಕೆಯು ತೀವ್ರವಾಗಿದೆ. ಈ ಬಾಳಿನಲ್ಲಿ ಅದು ತೀವ್ರತೆಯನ್ನು ಕಳೆದುಕೊಂಡು ಅಭ್ಯಾಸವಾಗಿದೆ. ಆದುದರಿಂದ ಇಲ್ಲಿ ಬೇಕಾದುದು ಆವೃತ್ತಿಯನ್ನೇ ಆಧಾರವಾಗಿ ಉಳ್ಳ ರೂಪ: ಪ್ರತಿ ನವೀಕರಣವೂ ಒಂದು ಅಧ್ಯಾಯ, ಅರ್ಜಿ ಅದೇ, ಉತ್ತರ ಅದೇ, ಬರೆಯುವ ಕೈ ಮಾತ್ರ ಪ್ರತಿಸಲವೂ ಹೆಚ್ಚು ಮುದಿಯಾದುದು.

ರುದ್ರಟನ ಪಕ್ಷಕ್ಕೆ ಇಲ್ಲಿ ಬಲವಾದ ನಿದರ್ಶನವು ದೊರೆಯುತ್ತದೆ. ಚಿಂತೆ, ಶಂಕೆಗಳನ್ನು ಸ್ಥಾಯಿಯಾಗಿಸಿದುದು ಯಾವ ಕವಿಪ್ರತಿಭೆಯೂ ಅಲ್ಲ, ಶಾಸನವೊಂದರ ಒಂದು ಪದ. ಪ್ರತಿಭೆಯು ಮಾಡಬೇಕಾದ ಕಾರ್ಯವು ಇನ್ನೂ ಉಳಿದಿದೆ. ದಾಟಿ ಬಂದ ಹುಡುಗನ ಕಥೆಯನ್ನು ಸಮೋರಾ ಹೇಳಿದ್ದಾರೆ. ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಮರುದಿನ ಬೆಳಗ್ಗೆ ಕೆಲಸಕ್ಕೆ ಹೊರಟ ಮನುಷ್ಯನ ಕಥೆಗೂ ಅದಕ್ಕೆ ತಕ್ಕ ರೂಪವು ದೊರೆಯಬೇಕಾಗಿದೆ.