ಉಪ್ಪು ತಿಂದ ಮನೆ

ನನ್ನ ತಂಗಿ ಮಂಗಳೂರಿನಲ್ಲಿ ಫ್ಲಾಟು ಕೊಳ್ಳುವಾಗ ಅದನ್ನು ನೋಡಿ 'ಹ್ಞೂಂ, ತೊಗೋ' ಎಂದವಳು ನಾನು. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಮುಂದೆ ನಾನು ಬಹಳ ಜನರ ಮೇಲೆ ತಪ್ಪು ಹೊರಿಸುವವಳಿದ್ದೇನೆ. ಆ ಸಾಲಿನಲ್ಲಿ ನನ್ನ ಹೆಸರೂ ಇದೆ ಎಂದು ನಿಮಗೆ ತಿಳಿದಿರಲಿ.

2011ರ ಮಾತು. ಅದಕ್ಕೆಂದೇ ಮೈಸೂರಿನಿಂದ ರಾತ್ರಿ ಬಸ್ಸು ಹತ್ತಿ ಹೋಗಿದ್ದೆ. ಮೂರನೆಯ ಮಹಡಿ. ಬಾಲ್ಕನಿಯಲ್ಲಿ ನಿಂತರೆ ತೆಂಗಿನ ಮರಗಳ ಆಚೆಗೆ ಸಮುದ್ರದ ಒಂದು ತುಂಡು ಕಾಣುತ್ತಿತ್ತು. ಆ ತುಂಡಿಗೇ ಬಿಲ್ಡರು ಎಷ್ಟೋ ಲಕ್ಷ ಸೇರಿಸಿದ್ದನೆಂದು ಆಮೇಲೆ ತಿಳಿಯಿತು. ನಾನು ಬಹಳ ಜಾಣತನದಿಂದ ಮನೆ ನೋಡಿದೆ. ಅಡುಗೆ ಕಟ್ಟೆಯ ಎತ್ತರ ನೋಡಿದೆ, ಸಿಂಕಿನಲ್ಲಿ ಕುಕ್ಕರು ಹಿಡಿಸುತ್ತದೆಯೇ ಎಂದು ನೋಡಿದೆ, ದೇವರ ಗೂಡು ಪೂರ್ವಕ್ಕಿದೆಯೇ ಎಂದು ವಿಚಾರಿಸಿದೆ. ನಲ್ಲಿಯನ್ನು ಎರಡೆರಡು ಸಲ ತಿರುಗಿಸಿದೆ. ಗೋಡೆಯನ್ನು ಕಲ್ಲಂಗಡಿ ಹಣ್ಣು ತಟ್ಟಿದ ಹಾಗೆ ತಟ್ಟಿಯೂ ನೋಡಿದೆ. ತಲೆಯೆತ್ತಿ ಮಾತ್ರ ನೋಡಲಿಲ್ಲ. ನೋಡಿದ್ದರೂ ಕಾಣುತ್ತಿದ್ದುದು ಬೆಳ್ಳಗಿನ ಸುಣ್ಣ, ಅಷ್ಟೆ.

2022ರ ಜುಲೈ ತಿಂಗಳ ಒಂದು ಬೆಳಿಗ್ಗೆ, ಐದೂವರೆ ಇರಬಹುದು, ತಂಗಿ ಹಾಲಿಡಲೆಂದು ಎದ್ದವಳು ಗೇಟಿನ ಹತ್ತಿರ ಪೇಪರು ಬಿದ್ದ ಸದ್ದು ಕೇಳಿ ಮುಂಬಾಗಿಲಿಗೆ ಹೋದಳು. ಹಿಂದೆಯೇ ಅಡುಗೆಮನೆಯಲ್ಲಿ ಇನ್ನೊಂದು ಸದ್ದು. ಚಾವಣಿಯಿಂದ ಮೊರದಗಲದ ಕಾಂಕ್ರೀಟು ಕಳಚಿ ಒಲೆಯ ಮೇಲೆ ಬಿದ್ದಿತ್ತು. ಒಲೆಯ ಗಾಜು ಪುಡಿ. ಮೇಲೆ ನೋಡಿದರೆ ಕಬ್ಬಿಣದ ಸರಳುಗಳು ಕೆಂಪಗೆ, ಹುಳು ತಿಂದ ಕಟ್ಟಿಗೆಯ ಹಾಗೆ. ಕೈಯಿಂದ ಮುಟ್ಟಿದರೆ ಹಪ್ಪಳದಂತೆ ಪದರ ಪದರವಾಗಿ ಉದುರುತ್ತಿತ್ತಂತೆ. ಹನ್ನೊಂದು ವರ್ಷದ ಮನೆ. ನಮ್ಮ ಮನೆಯ ಮಿಕ್ಸಿಗೆ ಅದಕ್ಕಿಂತ ಹೆಚ್ಚು ವಯಸ್ಸಾಗಿದೆ!

ಬಿಲ್ಡರನ್ನು ಹುಡುಕಿ ಹಿಡಿದು ಕೇಳಿದ್ದಕ್ಕೆ ಅವನು ಹೇಳಿದ್ದು ಒಂದೇ ಮಾತು. "ಸಮುದ್ರದ ಗಾಳಿ ಮೇಡಂ, ನಾವು ಎಂತ ಮಾಡುವುದು?"

ಈ ಮಾತನ್ನು ನಾನು ಬಹಳ ದಿನ ಮೆಲುಕು ಹಾಕಿದ್ದೇನೆ. ಮಾರುವಾಗ ಸಮುದ್ರ ಬಾಲ್ಕನಿಯಿಂದ ಕಾಣುವ ಸೊಬಗಾಗಿತ್ತು. ಕಟ್ಟಡ ಕಳಚಿದಾಗ ಅದೇ ಸಮುದ್ರ ಕಳ್ಳನಾಯಿತು. ಆದರೆ ಸಮುದ್ರವೇನು ನಿನ್ನೆ ಮೊನ್ನೆ ಬಂದು ಅಲ್ಲಿ ಬಾಡಿಗೆಗೆ ನಿಂತದ್ದಲ್ಲ. ಕರಾವಳಿಯ ಹಳಬರಿಗೆ ಉಪ್ಪಿನ ಗಾಳಿ, ಮಳೆ ಎರಡೂ ಗೊತ್ತಿತ್ತು. ಕೆಂಪುಕಲ್ಲಿನ ಗೋಡೆ, ಮರದ ತೊಲೆ, ಓರೆಯಾಗಿ ಇಳಿಬಿಟ್ಟ ಮಾಡು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಮೇಲೆ ಅದರ ಮೇಲೆ ಹೆಂಚು. ಆ ಮನೆಯಲ್ಲಿ ತುಕ್ಕು ಹಿಡಿಯಲು ಕಬ್ಬಿಣವೇ ಕಡಿಮೆ. ವರ್ಷಕ್ಕೆ ಎಂಟುನೂರು ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ನಮ್ಮ ಮೈಸೂರಿನ ಚಪ್ಪಟೆ ತಾರಸಿಯನ್ನು ಮೂರೂವರೆ ಸಾವಿರಕ್ಕೂ ಮೀರಿ ಸುರಿಯುವ ಊರಿನಲ್ಲಿ ಹಾಗೇ ಎತ್ತಿ ಕೂರಿಸಿದ್ದು ನಮ್ಮ ಕಾಲದವರು.

ಹಾಗೆಂದು ಕಾಂಕ್ರೀಟು ಕಡಲ ಬದಿಗೆ ಆಗಿಬರುವುದಿಲ್ಲವೆಂದೇನೂ ಅಲ್ಲ. ಬಂದರುಗಳನ್ನೇ ಕಟ್ಟುತ್ತಾರಲ್ಲ! ವಿಷಯ ಹೆಂಗಸರಿಗೆ ಗೊತ್ತಿರುವಂಥದ್ದೇ. ಉಪ್ಪಿನಕಾಯಿಯನ್ನು ಯಾರಾದರೂ ಕಬ್ಬಿಣದ ಡಬ್ಬಿಯಲ್ಲಿ ಹಾಕಿಡುತ್ತಾರೆಯೇ? ನಾವು ಜಾಡಿ ಅನ್ನುತ್ತೇವೆ, ಅಲ್ಲಿಯವರು ಭರಣಿ ಅನ್ನುತ್ತಾರೆ, ಎರಡೂ ಪಿಂಗಾಣಿಯೇ. ಸಿಮೆಂಟು ಒಳಗಿನ ಸರಳಿಗೆ ಒಂದು ತೆಳುವಾದ ಕಾಪಿನ ಪೊರೆ ಕೊಡುತ್ತದೆ. ಉಪ್ಪು ಗಾಳಿಯಿಂದಲೋ, ಸರಿಯಾಗಿ ತೊಳೆಯದ ಮರಳಿನಿಂದಲೋ, ಉಪ್ಪುನೀರಿನಲ್ಲಿ ಕಲಸಿದ್ದರಿಂದಲೋ ಒಳಗೆ ಸೇರಿದರೆ ಆ ಪೊರೆ ಹರಿಯುತ್ತದೆ. ತುಕ್ಕು ಹಿಡಿದ ಕಬ್ಬಿಣ ಸುಮ್ಮನೆ ಸವೆಯುವುದಿಲ್ಲ, ಮೊದಲಿಗಿಂತ ಎಷ್ಟೋ ಪಾಲು ಹೆಚ್ಚು ಜಾಗ ಹಿಡಿಯುತ್ತದೆ. ನೆನೆಹಾಕಿದ ಕಡಲೆ ಡಬ್ಬಿಯ ಮುಚ್ಚಳ ಎತ್ತುವ ಹಾಗೆ ಒಳಗಿನಿಂದ ಕಾಂಕ್ರೀಟನ್ನು ಸೀಳುತ್ತದೆ. ಸೀಳಿನಲ್ಲಿ ಮತ್ತೆ ನೀರು, ಮತ್ತೆ ಉಪ್ಪು.

ಇದಕ್ಕೆ ಮದ್ದು ಗೊತ್ತಿಲ್ಲದ್ದಲ್ಲ. ನಮ್ಮ ದೇಶದ ಐ.ಎಸ್. 456 ಎಂಬ ನಿಯಮದ ಪುಸ್ತಕದ 2000ದ ಆವೃತ್ತಿಯಲ್ಲಿ ಬರೆದೇ ಇದೆ. ಬಿಸಿಲು ಮಳೆ ತಾಗದ ಒಳನಾಡಿನ ಕಟ್ಟಡದಲ್ಲಿ ಸರಳಿನ ಮೇಲೆ 20 ಮಿ.ಮೀ. ಕಾಂಕ್ರೀಟಿನ ಹೊದಿಕೆ ಸಾಕು. ಕಡಲ ಗಾಳಿಗೆ ಒಡ್ಡಿಕೊಂಡದ್ದಾದರೆ 45 ಮಿ.ಮೀ. ಬೇಕು, ಹೆಚ್ಚು ಕಡಿಮೆ ಮೂರು ಬೆರಳಗಲ. ಕಾಂಕ್ರೀಟೂ ಅಲ್ಲಿ ಎಂ-20 ಅಲ್ಲ, ಎಂ-30 ಆಗಬೇಕು, ಎಂದರೆ ಹೆಚ್ಚು ಗಟ್ಟಿ. ತಂಗಿಯ ಅಡುಗೆಮನೆಯ ಚಾವಣಿ ನೋಡಲು ಬಂದ ಇಂಜಿನಿಯರು ಬಿದ್ದ ಚೂರಿಗೆ ಟೇಪು ಹಿಡಿದರು. ಹೊದಿಕೆ 15 ಮಿ.ಮೀ. ಕೂಡ ಇರಲಿಲ್ಲ. ಕಾಂಕ್ರೀಟು ಹಾಕುವ ದಿನ ಸರಳಿನ ಕೆಳಗೆ ಇಡಬೇಕಾದ ಪುಟ್ಟ ಸಿಮೆಂಟು ಬಿಲ್ಲೆಗಳು, ಕವರ್ ಬ್ಲಾಕು ಅನ್ನುತ್ತಾರೆ, ಅವನ್ನಿಡದೆ ಕೈಗೆ ಸಿಕ್ಕ ಜಲ್ಲಿ ಚೂರು ಸಿಕ್ಕಿಸಿದ್ದಾರೆ. ಮೇಲೆ ಆಳು ಓಡಾಡಿದಾಗ ಅದೂ ಜಾರಿದೆ. ಆ ಒಂದು ಮಧ್ಯಾಹ್ನ ಅಲ್ಲಿ ಯಾರಾದರೂ ಬಗ್ಗಿ ನೋಡಿದ್ದರೆ ಸಾಕಿತ್ತು. ಬಿಲ್ಲೆಯ ಬೆಲೆ ಎಷ್ಟು ಗೊತ್ತೇ? ಒಂದು ಬೆಂಕಿಪೊಟ್ಟಣದ್ದಕ್ಕಿಂತ ಹೆಚ್ಚೇನಿಲ್ಲ.

ಬಗ್ಗಿ ನೋಡುವವರು ಯಾರು? ನಾನು ಕಂಡಂತೆ ಕಟ್ಟಡದ ಜಾಗದಲ್ಲಿ ದಿನವೂ ಇರುವ ಒಬ್ಬಳೇ ಒಬ್ಬಳು ವಾಚ್‌ಮನ್ನಿನ ಹೆಂಡತಿ. ನಮ್ಮ ಬೀದಿಯ ಕೊನೆಯಲ್ಲಿ ಅಪಾರ್ಟ್‌ಮೆಂಟು ಏಳುವಾಗ ರಾಯಚೂರಿನ ಕಡೆಯವಳೊಬ್ಬಳು ಇದ್ದಳು, ಕಂಕುಳಲ್ಲಿ ಕೂಸು, ಕೈಯಲ್ಲಿ ಪೈಪು. ಹಾಕಿದ ಕಾಂಕ್ರೀಟು ಕಡಿಮೆಯೆಂದರೂ ಏಳು ದಿನ ಒಣಗದ ಹಾಗೆ ನೋಡಿಕೊಳ್ಳಬೇಕು, ಬಿಸಿಲೂರಾದರೆ ಇನ್ನೂ ಹೆಚ್ಚು. ಇಲ್ಲದಿದ್ದರೆ ಅರೆಬೆಂದ ಅನ್ನದ ಹಾಗೆ, ಹೊರಗೆ ಅನ್ನ, ಒಳಗೆ ಅಕ್ಕಿ. ಒಂದು ದಿನ ಅವಳು ನಮ್ಮ ಮನೆಗೆ ಕುಡಿಯುವ ನೀರಿಗೆ ಬಂದಳು. "ಟ್ಯಾಂಕರ್ ಎರಡು ದಿನದಿಂದ ಬಂದಿಲ್ರೀ ಅಕ್ಕಾರ, ಮ್ಯಾಲೆ ಹೊಡಿಯಾಕ ನೀರಿಲ್ಲ" ಎಂದಳು. ಅವಳಿಗೆ ಅದು ತಪ್ಪೆಂದು ಗೊತ್ತಿತ್ತು. ಆದರೆ ಅವಳು ಹೇಳಬೇಕಾದ್ದು ಯಾರಿಗೆ? ಅವಳ ಸಹಿಗೆ ಯಾವ ಕಾಗದದಲ್ಲೂ ಜಾಗವಿಲ್ಲ.

ಸಹಿ ಮಾಡುವವರ ಕಥೆ ಬೇರೆ. ನಕ್ಷೆಗೆ ಮಂಜೂರಾತಿ ಕೊಡುವುದು ಪಾಲಿಕೆ. ಕಟ್ಟಡ ನಿಯಮದ ಪ್ರಕಾರ ಏಳುತ್ತಿದೆಯೆಂದು ಹಂತಹಂತಕ್ಕೂ ಹೊಣೆ ಹೊರಬೇಕಾದ ಇಂಜಿನಿಯರನ್ನು ನೇಮಿಸಿ ಸಂಬಳ ಕೊಡುವವನು ಮಾತ್ರ ಕಟ್ಟಿಸುವವನೇ. ಸೊಸೆಯ ಅಡುಗೆ ಹೇಗಿದೆಯೆಂದು ಅವಳ ತವರಿನವರನ್ನೇ ಕೇಳಿ ಬರೆಸಿಕೊಂಡ ಹಾಗಾಯಿತು. ನೇರವಂತ ಇಂಜಿನಿಯರುಗಳು ಇಲ್ಲವೆಂದಲ್ಲ, ನಮ್ಮ ನೆಂಟರಲ್ಲೇ ಒಬ್ಬರಿದ್ದಾರೆ. ಅವರು ಒಂದು ಸಲ ಸಹಿ ಮಾಡಲೊಲ್ಲದೆ ಹೋದಾಗ ಬಿಲ್ಡರು ಜಗಳವೇನೂ ಆಡಲಿಲ್ಲವಂತೆ. ಮಾರನೆಯ ದಿನ ಬೇರೆ ಇಂಜಿನಿಯರು ಬಂದರು. ಇನ್ನು ನಕ್ಷೆ ಮೀರಿ ಕಟ್ಟಿದವರಿಗೆ ನಮ್ಮ ಸರ್ಕಾರಗಳು 'ಅಕ್ರಮ ಸಕ್ರಮ' ಎಂಬ ಸುಂದರವಾದ ಹೆಸರಿನ ಯೋಜನೆ ಮಾಡಿದವು. ಸುಪ್ರೀಂ ಕೋರ್ಟು 2017ರಲ್ಲಿ ಅದಕ್ಕೆ ತಡೆ ಹಾಕಿತು. ದಂಡ ಕಟ್ಟಿದರೆ ಕಾಗದ ಸಕ್ರಮವಾದೀತು. ಸರಳು?

ಮೈಸೂರಿನ ನಮಗೆ ಕಟ್ಟಡ ಬೀಳುವುದೆಂದರೆ ಹಳೆಯದು ಬೀಳುವುದು. 2012ರ ಆಗಸ್ಟ್ 25ರಂದು ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜನ ಹೋದರು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಪಾರ್ಶ್ವ ಬಿತ್ತು. ಎರಡೂ ನೂರು ವರ್ಷ ದಾಟಿದ ಅಜ್ಜಂದಿರು, ನೋಡಿಕೊಳ್ಳುವವರಿಲ್ಲದೆ ಬಿದ್ದವರು. ಆದ್ದರಿಂದ ಹೊಸ ಕಟ್ಟಡವೆಂದರೆ ಗಟ್ಟಿ ಎಂದು ನಾವು ನಂಬಿಕೊಂಡಿದ್ದೇವೆ. ಧಾರವಾಡದ ಕುಮಾರೇಶ್ವರ ನಗರದಲ್ಲಿ 2019ರ ಮಾರ್ಚ್ 19ರಂದು ಬಿದ್ದ ಕಟ್ಟಡ ಪೂರ್ತಿ ಮುಗಿದೇ ಇರಲಿಲ್ಲ. ಮೇಲೆ ಕೆಲಸ ನಡೆಯುತ್ತಿತ್ತು, ಕೆಳಗೆ ಅಂಗಡಿಗಳು ಆಗಲೇ ತೆರೆದಿದ್ದವು. ಸತ್ತವರು 19 ಜನ. ಅಲ್ಲಿ ಸಮುದ್ರವೆಲ್ಲಿತ್ತು? ಬೆಂಗಳೂರಿನಲ್ಲಿ 1983ರ ಸೆಪ್ಟೆಂಬರಿನಲ್ಲಿ ಗಂಗಾರಾಮ್ ಕಟ್ಟಡ, ಅದೂ ಕಟ್ಟುತ್ತಿರುವಾಗಲೇ, ಕುಸಿದು ನೂರಕ್ಕೂ ಹೆಚ್ಚು ಜನ ಸತ್ತದ್ದು ನನ್ನ ವಯಸ್ಸಿನವರಿಗೆ ನೆನಪಿರುತ್ತದೆ. ಮೂವತ್ತಾರು ವರ್ಷ ಕಳೆದರೂ ಪಾಠ ಧಾರವಾಡದವರೆಗೆ ಹೋಗಿರಲಿಲ್ಲ.

ತಂಗಿಯ ವಿಷಯಕ್ಕೆ ಬರುತ್ತೇನೆ. ಚೂರು ಬಿದ್ದ ಮೇಲೆ ಅಸೋಸಿಯೇಷನ್ನಿನ ಸಭೆ ಕರೆದರು. ಇಂಜಿನಿಯರು ಬೇರೆ ಮನೆಗಳಲ್ಲೂ ಕೋಲಿನ ತುದಿಯಿಂದ ಚಾವಣಿ ತಟ್ಟಿ, ಡಬಡಬ ಎಂದು ಪೊಳ್ಳು ಸದ್ದು ಬಂದ ಕಡೆಯಲ್ಲೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿದ್ದರು. ಸರಳಿನ ಸಾಲು ಹಿಡಿದು ನೇರವಾಗಿ ಹೋಗುವ ಬಿರುಕು, ಕಂದು ಕಲೆ, ಬಚ್ಚಲ ಕೆಳಗಿನ ಒಸರು, ಎಲ್ಲಕ್ಕೂ ಗುರುತು. ಮನೆಗೆ ನಾಲ್ಕು ಲಕ್ಷದ ಮೇಲೆ ಬೀಳುತ್ತದೆಂದರು. ಸಭೆಯಲ್ಲಿ ಏನಾಯಿತು ಗೊತ್ತೇ? ಎದುರು ಗೋಡೆಗೆ ಬಣ್ಣ ಹೊಡೆಸುವುದೆಂದು ತೀರ್ಮಾನವಾಯಿತು! ಅರ್ಧದಷ್ಟು ಮನೆಗಳ ಯಜಮಾನರು ಊರಲ್ಲಿಲ್ಲ, ಬಾಡಿಗೆಗೆ ಕೊಟ್ಟಿದ್ದಾರೆ. ಮೊದಲನೆಯ ಮಹಡಿಯವರ ಚಾವಣಿಯಲ್ಲಿ ಏನೂ ಕಂಡಿಲ್ಲ. ಬಣ್ಣವಾದರೆ ಬೆಲೆ ಏರುತ್ತದೆ. ತಂಗಿ ಎದ್ದು ಏನೋ ಹೇಳಹೋದರೆ, "ನಿಮ್ಮ ಯಜಮಾನರು ಬರಲಿಲ್ವಾ?" ಎಂದು ಕೇಳಿದರಂತೆ.

ಇದು ನಮ್ಮ ಜನರ ಜಿಪುಣತನ ಎಂದು ನಾನೂ ಬೈದುಕೊಂಡಿದ್ದೆ. ಆದರೆ ಅಮೆರಿಕದ ಫ್ಲಾರಿಡಾದ ಸರ್ಫ್‌ಸೈಡ್ ಎಂಬ ಕಡಲೂರಿನಲ್ಲಿ ಆದದ್ದನ್ನು ಓದಿದ ಮೇಲೆ ಬೈಗುಳ ಬಾಯಲ್ಲೇ ನಿಂತಿತು. 1981ರಲ್ಲಿ ಕಟ್ಟಿದ ಹನ್ನೆರಡು ಮಹಡಿಯ ಫ್ಲಾಟುಗಳು. ಈಜುಕೊಳದ ಸುತ್ತಲಿನ ನೆಲಕ್ಕೆ ನೀರು ಹರಿದು ಹೋಗುವಂತೆ ಓರೆಯನ್ನೇ ಕೊಟ್ಟಿಲ್ಲ, ನಿಂತ ನೀರು ಒಳಗಿಳಿದು ಕೆಳಗಿನ ಕಾಂಕ್ರೀಟು ಬಹಳ ಕೆಟ್ಟಿದೆ ಎಂದು ಇಂಜಿನಿಯರೊಬ್ಬರು 2018ರಲ್ಲೇ ಬರೆದುಕೊಟ್ಟಿದ್ದರು. ಬಚ್ಚಲಿಗೆ ಓರೆಯಿಲ್ಲದಿದ್ದರೆ ನಮ್ಮ ಅಮ್ಮ ಗಾರೆಯವನನ್ನು ಮನೆಯಿಂದಾಚೆಗೆ ಬಿಡುತ್ತಿರಲಿಲ್ಲ! ಅಲ್ಲಿಯೂ ಸಭೆ, ಅಲ್ಲಿಯೂ ಖರ್ಚಿನ ತಕರಾರು. ಹಾನಿ ಇನ್ನೂ ಹೆಚ್ಚಿದೆ ಎಂದು 2021ರ ಏಪ್ರಿಲ್‌ನಲ್ಲಿ ಸಂಘದ ಅಧ್ಯಕ್ಷೆ ಮನೆಮನೆಗೂ ಪತ್ರ ಬರೆದರು. ಜುಲೈಯಿಂದ ಹಣ ಕಟ್ಟಬೇಕಿತ್ತು. ಜೂನ್ 24ರ ನಡುರಾತ್ರಿ ಕಟ್ಟಡ ಮಲಗಿತು. 98 ಜನ. ಆಮೇಲಿನ ಸರ್ಕಾರಿ ತನಿಖೆಯಲ್ಲಿ, ಆ ಈಜುಕೊಳದ ನೆಲದ ವಿನ್ಯಾಸವೇ ಆ ಕಾಲದ ನಿಯಮಕ್ಕಿಂತ ದುರ್ಬಲವಾಗಿತ್ತೆಂದು ಕಂಡುಬಂತು. ಎಂದರೆ ನಲವತ್ತು ವರ್ಷ ಉಪ್ಪುಗಾಳಿ ಮಾಡಿದ್ದು ಅರ್ಧ ಕೆಲಸ. ಉಳಿದರ್ಧ ಕಾಗದದ ಮೇಲೆ ಮೊದಲ ದಿನವೇ ಆಗಿತ್ತು.

ಈಗ ಕಾನೂನು ಸ್ವಲ್ಪ ನಮ್ಮ ಕಡೆಗಿದೆ. 2016ರ ರೇರಾ ಕಾಯಿದೆಯ ಪ್ರಕಾರ ಮನೆ ಕೈಗೆ ಬಂದ ಐದು ವರ್ಷದೊಳಗೆ ಕಟ್ಟಡದಲ್ಲಿ ದೋಷ ಕಂಡು ತಿಳಿಸಿದರೆ ಬಿಲ್ಡರು ಮೂವತ್ತು ದಿನಗಳಲ್ಲಿ ಪುಕ್ಕಟೆ ಸರಿಪಡಿಸಿಕೊಡಬೇಕು. ವಾಸಕ್ಕೆ ಯೋಗ್ಯವೆಂಬ ಒ.ಸಿ. ಪತ್ರವಿಲ್ಲದೆ ವಿದ್ಯುತ್ತು, ನೀರು ಕೊಡಕೂಡದೆಂದು ಸುಪ್ರೀಂ ಕೋರ್ಟು 2024ರ ಡಿಸೆಂಬರಿನಲ್ಲಿ ಹೇಳಿದೆ. ಒಳ್ಳೆಯದೇ. ಆದರೆ ಉಪ್ಪು ಐದು ವರ್ಷದೊಳಗೆ ಮುಖ ತೋರಿಸುವ ಸ್ವಭಾವದ್ದಲ್ಲ, ತಂಗಿಯ ಮನೆಯಲ್ಲಿ ಹನ್ನೊಂದು ವರ್ಷ ತೆಗೆದುಕೊಂಡಿತು. ಕರಾವಳಿಯ ಮನೆಗೂ ಒಳನಾಡಿನ ಮನೆಗೂ ಒಂದೇ ಐದು ವರ್ಷ ಲೆಕ್ಕ ಹಾಕಿದವರು ಕಡಲನ್ನು ಬಾಲ್ಕನಿಯಿಂದಷ್ಟೇ ನೋಡಿರಬೇಕು.

ಸಭೆ ಮುಗಿದ ಮೇಲೆ ತಂಗಿಯ ಯಜಮಾನರು ತೂತಿಗೆ ತೇಪೆ ಹಾಕಿಸಿ ಮೇಲೆ ಪುಟ್ಟಿ ಬಳಿಸಿದರು. ಉಪ್ಪು ಕುಡಿದ ಕಾಂಕ್ರೀಟಿಗೆ ಬರೀ ತೇಪೆ ಹಾಕಿದರೆ ತುಕ್ಕು ಅದರ ಪಕ್ಕದಲ್ಲೇ ಹೊಸದಾಗಿ ಶುರುವಾಗುತ್ತದೆಂದು ಇಂಜಿನಿಯರು ಹೇಳಿದ್ದರು. ಅವರಿಗೆ ಅದು ಬೇಕಿರಲಿಲ್ಲ. ಮಾರಿಬಿಡುವುದು ಅವರ ಲೆಕ್ಕ. ಮಗಳ ಮದುವೆಗೆಂದು ಇಟ್ಟದ್ದೆಲ್ಲ ಆ ಮನೆಯಲ್ಲೇ ಇದೆ, ಅವರನ್ನು ನಾನು ಹೇಗೆ ದೂರಲಿ?

ನೋಡಲು ಹಾಸನದ ಕಡೆಯ ದಂಪತಿಗಳು ಬಂದರು, ಜೊತೆಗೆ ಐದಾರು ವರ್ಷದ ಹುಡುಗಿ. ಆ ಸಂಜೆ ತಂಗಿ ಫೋನು ಮಾಡಿದಳು.

"ಅಕ್ಕಾ, ಅವಳು ಥೇಟ್ ನಿನ್ನ ಹಾಗೇ ಕಣೇ. ಕಟ್ಟೆ ಮುಟ್ಟಿ ನೋಡಿದಳು. ನಲ್ಲಿ ಎರಡು ಸಲ ತಿರುಗಿಸಿದಳು."

"ಆಮೇಲೆ?"

"ನಾನು ಕಾಫಿ ಸೋಸ್ತಾ ಇದ್ದೆ. ಮಗು ಒಲೆ ಹತ್ತಿರ ಬಂದು ನಿಂತುಕೊಂಡಿತು. ಅದೇ ಜಾಗದಲ್ಲಿ."

ಬಿದ್ದ ಚೂರೊಂದನ್ನು ಅವಳು ಯುಟಿಲಿಟಿಯ ಶೆಲ್ಫಿನಲ್ಲಿ ಪೇಪರಿನಲ್ಲಿ ಸುತ್ತಿಟ್ಟಿದ್ದಳು. ಅದನ್ನು ತಂದು ಕಾಫಿ ಲೋಟಗಳ ಪಕ್ಕದಲ್ಲಿಟ್ಟಳಂತೆ. ಅವರು ಕಾಫಿ ಪೂರ್ತಿ ಕುಡಿಯದೆ ಹೋದರು. ಯಜಮಾನರು ನಾಲ್ಕು ದಿನ ಮಾತಾಡಲಿಲ್ಲ.

ಎರಡನೆಯ ಮಳೆಗಾಲದಲ್ಲಿ ಮೊದಲನೆಯ ಮಹಡಿಯವರ ಮಲಗುವ ಕೋಣೆಯ ಚಾವಣಿಯೂ ಕಳಚಿತು. ಅದಾದ ಮೇಲೆ ಸಭೆ ಬೇಗ ಮುಗಿಯಿತು. ಈಗ ಒಂದೊಂದೇ ಮಹಡಿಯಂತೆ ಕೆಟ್ಟ ಕಾಂಕ್ರೀಟು ಕಿತ್ತು, ಸರಳಿನ ತುಕ್ಕು ಉಜ್ಜಿ ತೆಗೆದು, ಪಕ್ಕದಲ್ಲಿ ಹೊಸ ಸರಳು ಕಟ್ಟುತ್ತಿದ್ದಾರೆ. ತಂಗಿಯ ಅಡುಗೆಮನೆಯಲ್ಲಿ ಎರಡು ಕಬ್ಬಿಣದ ಜಾಕಿಗಳನ್ನು ನಿಲ್ಲಿಸಿದ್ದಾರೆ. ಒಗ್ಗರಣೆ ಹಾಕಲು ಅವಳು ಅವುಗಳ ನಡುವೆ ಅಡ್ಡಡ್ಡ ನುಸುಳಿ ಹೋಗಬೇಕಂತೆ. ಮೊನ್ನೆ ಕವರ್ ಬ್ಲಾಕಿನ ಮೂಟೆ ಬಂದಾಗ ಕೆಳಗಿಳಿದು ಹೋಗಿ ಒಂದನ್ನು ಕೈಗೆತ್ತಿಕೊಂಡು ಅಳೆದಳಂತೆ, ಅವಳ ರವಿಕೆ ಹೊಲಿಯುವ ಟೇಪಿನಲ್ಲಿ.