ಮಂಗಳನ ದೂಳು, ಮೆಂಕಾದ ಲೆಕ್ಕ

ಮಂಗಳಯಾನದ ಮಾತು ಬಂದಾಗಲೆಲ್ಲ ನಮ್ಮಲ್ಲಿ ಮೊದಲು ಏಳುವುದು 450 ಕೋಟಿ ರೂಪಾಯಿಯ ಲೆಕ್ಕ. 2014ರ ಸೆಪ್ಟೆಂಬರ್ 24ರಂದು ಮೊದಲ ಯತ್ನದಲ್ಲೇ ಮಂಗಳನ ಕಕ್ಷೆ ಸೇರಿದ ಇಸ್ರೋ ನೌಕೆಯನ್ನು ಅಗ್ಗದ ದರದಲ್ಲೇ ಅಳೆದು ಮುಗಿಸಿದ್ದೇವೆ. ವಿಜ್ಞಾನವಾಗಿ ಅದನ್ನು ತೂಗಬೇಕೆಂದರೆ 2018ರ ದೂಳಿನ ಬಿರುಗಾಳಿಯ ಕಡೆ ನೋಡಬೇಕು. ಆ ಜೂನ್ ಮೊದಲ ಭಾಗದಲ್ಲಿ ಎದ್ದ ದೂಳು ಜುಲೈ ಮೊದಲ ವಾರದ ಹೊತ್ತಿಗೆ ಇಡೀ ಗ್ರಹವನ್ನು ಸುತ್ತುವರಿದಿತ್ತು. ಸೌರವಿದ್ಯುತ್ತನ್ನು ನಂಬಿದ್ದ ಆಪರ್ಚುನಿಟಿ ರೋವರ್ ಜೂನ್ 10ರ ನಂತರ ಸದ್ದೆತ್ತಲಿಲ್ಲ. ಆಗ ಮಂಗಳಯಾನದ ಮೆಂಕಾ ನೂರೈವತ್ತು ಕಿ.ಮೀ.ಗೂ ಮೇಲಿನ ತೆಳುಗಾಳಿಯನ್ನು ಅಳೆಯುತ್ತಿತ್ತು. ಅನಿಲದ ಕಣಗಳನ್ನು ತೂಕಕ್ಕೆ ತಕ್ಕಂತೆ ಬೇರ್ಪಡಿಸಿ ಎಣಿಸುವ ಈ ಉಪಕರಣದ ತೂಕ ಮೂರೂವರೆ ಕಿಲೊ ಆಸುಪಾಸು.

ನೆಲದ ದೂಳಿಗೂ ಅಷ್ಟು ಎತ್ತರದ ಗಾಳಿಗೂ ಏನು ಸಂಬಂಧ? ಬರಪೀಡಿತ ಜತ್ತ ತಾಲೂಕಿನ ಉಮದಿ, ಸಂಖ ಕಡೆಯ ಒಣಹೊಲಗಳಲ್ಲಿ ಬೇಸಿಗೆಯ ಸುಂಟರಗಾಳಿ ಎಬ್ಬಿಸುವ ಮಣ್ಣು ಒಂದು ಅಡ್ಡಮಳೆಗೆ ಕೂತುಬಿಡುತ್ತದೆ. ಮೇಲಿನ ವಾತಾವರಣಕ್ಕೆ ಅದರ ಸುದ್ದಿಯೂ ಮುಟ್ಟುವುದಿಲ್ಲ. ಮಂಗಳನಲ್ಲಿ ದೂಳನ್ನು ತೊಳೆಯುವ ಮಳೆಯಿಲ್ಲ, ಗಾಳಿಯ ಒತ್ತಡ ಭೂಮಿಯದರ ನೂರಕ್ಕೊಂದು ಪಾಲೂ ಇಲ್ಲ. ಬಿಸಿಲು ಹೀರಿ ಕಾದ ದೂಳು ಸುತ್ತಲಿನ ಗಾಳಿಯನ್ನೂ ಕಾಯಿಸುತ್ತದೆ. ಕಾದ ಗಾಳಿ ಒಲೆಯ ಮೇಲಿನ ಹಾಲಿನಂತೆ ಉಬ್ಬುತ್ತದೆ. ದೂಳು ಕೆಳಗೇ ಉಳಿದರೂ ಅದು ಕಾಯಿಸಿದ ಗಾಳಿ ಮೇಲಿನ ಪದರಗಳನ್ನು ಎತ್ತಿಬಿಡುವುದರಿಂದ, ಮೊದಲಿನ ಎತ್ತರದಲ್ಲೇ ಅಳೆದರೂ ಸಾಂದ್ರತೆ ಏರಿರುತ್ತದೆ. ಜೊತೆಗೆ ಮೇಲೇರಿದ ನೀರಾವಿ ಬಿಸಿಲಿಗೆ ಒಡೆದು, ಹಗುರ ಹೈಡ್ರೋಜನ್ ಬಾಹ್ಯಾಕಾಶಕ್ಕೆ ಸೋರುತ್ತದೆ. ಮಂಗಳ ಒಣಗಿದ ಕಥೆಯಲ್ಲಿ ದೂಳಿಗೂ ಪಾಲುಂಟು.

ಮೇಲಿನ ವಾತಾವರಣದ ಅಧ್ಯಯನಕ್ಕೆಂದೇ ಹೋದ ನಾಸಾದ ಮೇವನ್ ಇರುವಾಗ ಮೆಂಕಾದ ಅಗತ್ಯವೇನಿತ್ತು ಎಂಬ ಆಕ್ಷೇಪ ಸಹಜ. ಉತ್ತರ ಅಳತೆಯ ಹೊತ್ತಿನಲ್ಲಿದೆ. ಮೇವನ್ ಆಗ ನೋಡಿದ್ದು ಮಂಗಳನ ಬೆಳಗಿನ ಭಾಗ, ಮೆಂಕಾ ಸಂಜೆಯ ಭಾಗ. ಮೇಲಿನ ಗಾಳಿ ದಿನದ ಹೊತ್ತಿಗೆ ತಕ್ಕಂತೆ ತಾನೇ ಹಿಗ್ಗಿ ಕುಗ್ಗುವುದರಿಂದ ಒಂದೇ ಕಡೆಯ ಸಾಕ್ಷಿ ಸಾಲದು. ಎರಡೂ ಕಡೆ ಸಾಂದ್ರತೆ ಏರಿದ್ದನ್ನು ತೋರಿಸಿದ 2020ರ ಅಧ್ಯಯನಕ್ಕೆ ಬಲ ಬಂದದ್ದು ಈ ಜೋಡಿಯಿಂದ. ಸೂರ್ಯನೇ ಕಾರಣವಿರಬಹುದಲ್ಲ ಎನ್ನುವವರಿಗೆ, 2018ರಲ್ಲಿ ಸೌರ ಚಟುವಟಿಕೆ ತೀರಾ ತಗ್ಗಿತ್ತೆಂಬುದೇ ಉತ್ತರ. ಮಂಗಳ ಸೂರ್ಯನ ಹತ್ತಿರ ಸರಿಯುತ್ತಿದ್ದುದರ ಪಾಲನ್ನು ಒಪ್ಪಲೇಬೇಕು. ಆದರೆ ಋತುವಿನ ಬಿಸಿ ನಿಧಾನಕ್ಕೆ ಏರುತ್ತದೆ, ಕೆಲವೇ ವಾರಗಳ ಜಿಗಿತಕ್ಕೆ ಅದೊಂದೇ ಸಾಲದು.

ಹಾಗೆಂದು ಮೆಂಕಾಗೆ ಪೂರ್ಣಾಂಕ ಕೊಡಲಾಗದು. ಎಪ್ಪತ್ತು ಸಾವಿರ ಕಿ.ಮೀ.ಗೂ ಆಚೆ ಚಾಚಿದ ಕಕ್ಷೆಯ ದೆಸೆಯಿಂದ ನೌಕೆ ಮಂಗಳನ ಸಮೀಪಕ್ಕೆ ಬರುತ್ತಿದ್ದುದು ಸುಮಾರು ಮೂರು ದಿನಕ್ಕೊಮ್ಮೆ, ಅದೂ ಸ್ವಲ್ಪ ಹೊತ್ತು. ತಂತ್ರಜ್ಞಾನ ಸಾಬೀತುಪಡಿಸುವುದೇ ಮೊದಲ ಗುರಿಯಾಗಿತ್ತೆಂಬ ಸಮಜಾಯಿಷಿ ನ್ಯಾಯವಾದುದೇ. ಆರು ತಿಂಗಳಿಗೆಂದು ಹೋದ ನೌಕೆ 2022ರವರೆಗೆ ಬಾಳಿದ್ದಕ್ಕೇ ಈ ಅಳತೆ ಸಿಕ್ಕಿತು ಎಂಬುದೂ ನಿಜ. ಆದರೆ ಆಯಸ್ಸಿನ ಅದೃಷ್ಟವನ್ನು ಯೋಜನೆಯೆಂದು ಕರೆಯಲಾಗದು. ಮುಂದಿನ ಮಂಗಳಯಾನವನ್ನು ಎಷ್ಟು ಅಗ್ಗವೆಂದು ಕೇಳುವ ಮೊದಲು, ಬಿರುಗಾಳಿ ಎದ್ದಾಗ ಅದು ಎಷ್ಟು ಸಲ ಕೆಳಗಿಳಿದು ಅಳೆಯಬಲ್ಲದು ಎಂದು ಕೇಳಬೇಕು.