ಅನಂತನಾಗ್ ಬಂದ ಮೇಲೆ

ರಿಷಬ್ ಶೆಟ್ಟಿಯ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು’ (2018) ಚಿತ್ರವನ್ನ ಮೊನ್ನೆ ವಸಂತಪುರದ ಮನೇಲಿ ಮಗನ ಜೊತೆ ಮತ್ತೆ ನೋಡಿದೆ. 1956ರಲ್ಲಿ ಕೇರಳಕ್ಕೆ ಸೇರಿದ ಊರಲ್ಲಿ ಮುಚ್ಚೋಕೆ ಹೊರಟ ಕನ್ನಡ ಶಾಲೆ ಕತೆ. ಮೊದಲರ್ಧ ಮಕ್ಕಳದ್ದೇ: ತರಲೆ, ಜಗಳ, ಮಲಯಾಳಿ ಮೇಷ್ಟ್ರ ಪಾಠ ತಲೆಗೆ ಹತ್ತದ ಪೇಚು. ನಮ್ಮೂರ ಸರ್ಕಾರಿ ಹೈಸ್ಕೂಲಿನ ಖೋ ಖೋ ಅಂಕಣದ ಧೂಳು ಮೂಗಿಗೆ ಬಡಿದಂಗಾಯ್ತು. ಅನಂತನಾಗ್ ಬಂದ ಮೇಲೆ ಮಾತ್ರ ಕತೆ ಕೋರ್ಟಿಗೆ ಹೋಗತ್ತೆ, ಮಕ್ಕಳು ಹಿಂದಕ್ಕೆ ಸರೀತಾರೆ. ಅವರು ಮಾತಾಡ್ತಿದ್ರೆ ಕೇಳ್ತಾನೇ ಇರಬಹುದು, ಅದು ಬೇರೆ ವಿಷ್ಯ. ಆದ್ರೆ ಶಾಲೆ ಆ ಹುಡುಗರದ್ದು, ಗೆಲುವು ದೊಡ್ಡವರದ್ದಾಗಿಬಿಡ್ತು.

ನಾನೂ ಚಪ್ಪಾಳೆ ಹೊಡೆದೆ.

“ಅಪ್ಪಾ, ನನ್ನ ಯಾಕೆ ಇಂಥ ಶಾಲೆಗೆ ಹಾಕ್ಲಿಲ್ಲ?” ಅಂದ ಮಗ. ಅವನ ಶಾಲೇಲಿ ಬಯಲಿಲ್ಲ. ಟೆರೇಸಿದೆ, ಅಲ್ಲಿ ಆಡೋಕೆ ಬೇರೆ ಫೀಸು. ರಿಮೋಟ್ ಹುಡುಕೋ ನೆಪದಲ್ಲಿ ಎದ್ದೆ.